ಜರ್ಮನಿ ಅರಮನಿ, ಕೋಟಿ, ಬರ್ಲಿನ್ ಗೋಡಿ: ಮೊಣಕಾಲು ನೋವಿರೋರನ್ನ ಕರ್ಕೊಂಡು ಹ್ಯಾಂಗ ನೋಡೋದು?

ಬ್ರಹ್ಮಪುರ_ಗಲ್ಲಿ (ಕಲಬುರಗಿ)

ಎಲ್ಲರಿಗೂ ಶರಣ್ರಿ. ಸಪ್ಟೆಂಬರ್ ಕೊನಿಗೆ ಅಪ್ಪ-ಅವ್ವನ್ನ ಕರ್ಕೊಂಡು ಜರ್ಮನಿಗೆ ಹೋಗೋ ವಿಚಾರ ಅದ. ವಾರದ ಮ್ಯಾಲ ಮೂರ್ನಾಲ್ಕು ದಿನ ಸಿಗ್ತಾವ. ಅಪ್ಪಾರು ಇತಿಹಾಸದ ಮಾಸ್ತರಿದ್ದೋರು, ಬರ್ಲಿನ್ ಗೋಡಿ ನೋಡಲಿಲ್ಲಂದ್ರ ಹೋಗೋದೇ ಬ್ಯಾಡ ಅಂತಾರ. ಅವ್ವಗ ಗುಡ್ಡದ ಮ್ಯಾಲಿನ ಆ ಬಿಳಿ ಅರಮನಿ, ನೋಯ್‌ಶ್ವಾನ್‌ಸ್ಟೈನ್, ನೋಡೋ ಆಸೆ. ಆದ್ರ ಆಕಿಗೆ ಮೊಣಕಾಲು ನೋವು. ಸಪಾಟ ಜಾಗದಾಗ ಅರ್ಧ ತಾಸು ಅಡ್ಡಾಡ್ತಾಳ, ಮೆಟ್ಲ ಹತ್ತೋದಂದ್ರ ಆಗಂಗಿಲ್ಲ. ಇಬ್ರೂ ಶುದ್ಧ ಸಸ್ಯಾಹಾರಿ, ತತ್ತಿ ಸೈತ ತಿನ್ನಂಗಿಲ್ಲ.

ಏಜೆಂಟ್ ಕೊಟ್ಟ ಪಟ್ಟಿ ಹಿಂಗದ: ಫ್ರಾಂಕ್‌ಫರ್ಟ್, ಕೊಲೋನ್, ಬರ್ಲಿನ್ (ಪರ್ಗಮಾನ್ ಮ್ಯೂಸಿಯಂ ಸಮೇತ), ಡ್ರೆಸ್ಡನ್, ರೋಟೆನ್‌ಬರ್ಗ್, ಮ್ಯೂನಿಕ್, ನೋಯ್‌ಶ್ವಾನ್‌ಸ್ಟೈನ್, ಹೈಡೆಲ್‌ಬರ್ಗ್. ದಿನಾ ಒಂದೂರು. ಇದರಾಗ ಯಾವುದು ಬಿಡ್ಬೇಕು, ಯಾವ ಟಿಕೇಟ್ ಇಲ್ಲಿಂದನೇ ತಗೋಬೇಕು, ರೈಲಿಗೆ ಯಾವ ಪಾಸು ಛಲೋ? ತಿಳಿದೋರು ಹೇಳ್ರಿ.

ಚೌಬಾರಾ_ಬೀದರ್

ಮೊದಲು ಪಟ್ಟಿಗೆ ಕತ್ರಿ ಹಾಕ್ರಿ. ಪರ್ಗಮಾನ್ ಮ್ಯೂಸಿಯಂ 2023ರ ಅಕ್ಟೋಬರ್‌ದಾಗ ದುರಸ್ತಿಗಂತ ಪೂರಾ ಬಂದ್ ಆಗ್ಯದ, ಒಂದು ಭಾಗ ತೆರಿಯೋ ಗುರಿ 2027ಕ್ಕದ. ಅದನ್ನ ಇನ್ನೂ ಬರದು ಕೊಟ್ಟಾರಂದ್ರ ಪಟ್ಟಿ ಹಳೇದು. ಉಳಿದ ವೇಳೆ, ದರ ಎಲ್ಲಾ ಆಯಾ ಜಾಗದ ಅಧಿಕೃತ ವೆಬ್‌ಸೈಟ್‌ದಾಗ ತಾಳೆ ನೋಡ್ರಿ.

ದಿನಕ್ಕೊಂದೂರು ಅಂದ್ರ ಅರ್ಧ ದಿನ ಬ್ಯಾಗ್ ಎಳಿಯೋದರಾಗೇ ಹೋಗ್ತದ. ಮೂರು ಠಾಣ್ಯಾ ಸಾಕು: ಬರ್ಲಿನ್, ಆಗ್ಸ್‌ಬರ್ಗ್, ಹೈಡೆಲ್‌ಬರ್ಗ್. ಡ್ರೆಸ್ಡನ್, ರೋಟೆನ್‌ಬರ್ಗ್ ಬಿಡ್ರಿ. ರೋಟೆನ್‌ಬರ್ಗ್‌ದಾಗ ಊರಿನ ಸುತ್ತ ಗೋಡಿ ಮ್ಯಾಲ ನಡಿಯೋದೇ ಮಜಾ. ಮ್ಯಾಲ ಹೋಗ್ಲಿಕ್ಕೆ ಕಡಿದಾದ ಮೆಟ್ಲವ, ಕೆಳಗ ಎಲ್ಲಾ ಕಲ್ಲು ಹಾಸಿದ ಓಣಿಗಳು. ಅವ್ವಾರಿಗೆ ಅಲ್ಲಿ ಏನೂ ಸಿಗಂಗಿಲ್ಲ.

ಮ್ಯೂನಿಕ್ ಬದಲಿಗೆ ಆಗ್ಸ್‌ಬರ್ಗ್ ಯಾಕಂದ್ರ, ಅಕ್ಟೋಬರ್‌ಫೆಸ್ಟ್ ಹೆಸರಿಗಷ್ಟೇ ಅಕ್ಟೋಬರ್‌ದು. ಅದು ಸಪ್ಟೆಂಬರ್ 15ರ ನಂತರದ ಶನಿವಾರಕ್ಕ ಶುರು ಆಗಿ ಅಕ್ಟೋಬರ್ ಮೊದಲ ವಾರದ ತನಕ ನಡೀತದ. ನೀವು ಹೋಗೋದು ಅದೇ ಹೊತ್ತಿಗೆ. ಆವಾಗ ಮ್ಯೂನಿಕ್‌ದಾಗ ಸಾದಾ ರೂಮಿಗೂ ಎರಡು ಮೂರು ಪಟ್ಟು ರೊಕ್ಕ, ಸಂಜಿ ರೈಲಿನಾಗ ಕುಡಿದೋರ ಗದ್ಲ. ಆಗ್ಸ್‌ಬರ್ಗ್‌ದಿಂದ ಮ್ಯೂನಿಕ್ ಅರ್ಧ-ಮುಕ್ಕಾಲು ತಾಸಿನ ದಾರಿ, ಅರಮನಿ ಇರೋ ಫ್ಯೂಸನ್ ಕಡಿಗೂ ರೈಲು ಅವ. ಊರೂ ಖಾಲಿ ಕೈಲೆ ಕಳಸಂಗಿಲ್ಲ. ಅಲ್ಲಿ ಫುಗ್ಗೆರೈ ಅಂತ ಒಂದು ಕೇರಿ ಅದ. ಯಾಕೋಬ್ ಫುಗ್ಗರ್ ಅನ್ನೋ ಸಾವುಕಾರ 1521ರಾಗ ಬಡವರಿಗಂತ ಕಟ್ಟಿಸಿದ್ದು. ಇವತ್ತಿಗೂ ಜನ ಇದ್ದಾರ, ವರ್ಷದ ಬಾಡಿಗಿ 0.88 ಯೂರೊ. ದಿನಾ ಮೂರು ಸಲ ಆತನ ಮನಿತನಕ್ಕ ಪ್ರಾರ್ಥನೆ ಮಾಡ್ಬೇಕು ಅನ್ನೋ ಕರಾರು ಇನ್ನೂ ಅದ. ಜಾಗ ಸಪಾಟ, ಒಂದು ಮನಿ ನೋಡಲಿಕ್ಕೆ ತೆರೆದಿಟ್ಟಾರ. ನಿಮ್ಮ ಮಾಸ್ತರರಿಗೆ ಇದು ಹಿಡಸ್ತದ.

ಭೀಮೆಯ_ದಂಡೆ (ಯಾದಗಿರಿ)

ನೋಯ್‌ಶ್ವಾನ್‌ಸ್ಟೈನ್ ಬಗ್ಗೆ ಬಿಡಿಸಿ ಬರೆಯುತ್ತೇನೆ, ಹೆಚ್ಚು ಜನ ಎಡವುವುದು ಅಲ್ಲೇ.

ಬವೇರಿಯಾದ ಎರಡನೇ ಲುಡ್ವಿಗ್ ದೊರೆ 1869ರಲ್ಲಿ ಅಡಿಪಾಯ ಹಾಕಿಸಿದ ಅರಮನೆ ಅದು. 1886ರಲ್ಲಿ ಆತ ಸತ್ತಾಗ ಒಳಗೆ ಮುಗಿದಿದ್ದದ್ದು ಕೆಲವೇ ಕೋಣೆಗಳು. ಸತ್ತ ಕೆಲವೇ ವಾರಗಳಲ್ಲಿ ಸಾರ್ವಜನಿಕರಿಗೆ ತೆರೆದರು. 2025ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಹಾಗಾಗಿ ನೂಕುನುಗ್ಗಲು ಕಡಿಮೆಯಾಗುವ ಮಾತಿಲ್ಲ.

ಒಳಗೆ ಹೋಗುವುದು ಗೈಡ್ ಜೊತೆ ಮಾತ್ರ, ಟಿಕೆಟ್‌ನಲ್ಲಿ ನಿಮಿಷ ನಿಗದಿಯಾಗಿರುತ್ತದೆ. ನಿಮ್ಮ ಗುಂಪಿನ ನಂಬರ್ ಬಾಗಿಲ ಮೇಲಿನ ಫಲಕದಲ್ಲಿ ಬಂದಾಗ ನೀವು ಅಲ್ಲಿಲ್ಲದಿದ್ದರೆ ಟಿಕೆಟ್ ಹೋದಂತೆಯೇ, ಹಣ ವಾಪಸಿಲ್ಲ. ದೊಡ್ಡವರಿಗೆ ಸುಮಾರು 21 ಯೂರೊ, ಆನ್‌ಲೈನ್ ಶುಲ್ಕ ಬೇರೆ. 18ರೊಳಗಿನವರಿಗೆ ಉಚಿತ, ಆದರೂ ಅವರ ಹೆಸರಿಗೂ ಟಿಕೆಟ್ ಬೇಕು. ಒಳಗಿನ ಸುತ್ತು ಅರ್ಧ ಗಂಟೆಯದ್ದು, ಫೋಟೊ ನಿಷೇಧ, ದೊಡ್ಡ ಬ್ಯಾಗ್ ಬಿಡುವುದಿಲ್ಲ. ಈಗ ಮುಖ್ಯ ಸಂಗತಿ: ಆ ಅರ್ಧ ಗಂಟೆಯಲ್ಲಿ 165 ಮೆಟ್ಟಿಲು ಹತ್ತಬೇಕು, 181 ಇಳಿಯಬೇಕು. ಮಧ್ಯದಲ್ಲಿ ಕೂರಲು ಪುರುಸೊತ್ತಿಲ್ಲ, ಹಿಂದೆ ಮುಂದಿನ ಗುಂಪು ಬರುತ್ತಿರುತ್ತದೆ. ನಿಮ್ಮ ತಾಯಿಯವರಿಗೆ ಒಳಗಿನ ಟಿಕೆಟ್ ಕೊಳ್ಳಲೇಬೇಡಿ.

ಅದಕ್ಕೆ ಬೇಸರ ಬೇಡ. ಕ್ಯಾಲೆಂಡರಿನಲ್ಲಿ ನೋಡುವ ಆ ನೋಟ ಸಿಗುವುದು ಅರಮನೆಯ ಒಳಗಲ್ಲ, ಎದುರಿನ ಕಮರಿಯ ಮೇಲಿರುವ ಮರಿಯೆನ್‌ಬ್ರೂಕೆ ಸೇತುವೆಯಿಂದ. ಕೆಳಗಿನ ಹೋಹೆನ್‌ಶ್ವಾಂಗೌ ಹಳ್ಳಿಯಿಂದ ಒಂದು ಶಟಲ್ ಬಸ್ಸು ಸೇತುವೆಯ ಹತ್ತಿರದವರೆಗೆ ಬರುತ್ತದೆ. ಇಳಿದು ಸ್ವಲ್ಪ ದೂರ ನಡೆದರೆ ಸೇತುವೆ. ತಾಯಿಯವರು ಅಲ್ಲಿಂದ ನೋಡಿ ಅದೇ ನಿಲ್ದಾಣದಿಂದ ಅದೇ ಬಸ್ಸಿನಲ್ಲಿ ಕೆಳಗಿಳಿಯಲಿ, ಆಲ್ಪ್‌ಜೀ ಕೆರೆಯ ದಂಡೆಯಲ್ಲಿ ಕೂರಲು ಬೆಂಚುಗಳಿವೆ. ಒಳಗೆ ಹೋಗುವವರು ಸೇತುವೆಯಿಂದ 600 ಮೀಟರ್ ಕಡಿದಾದ ಇಳಿಜಾರು ನಡೆದರೆ ಅರಮನೆಯ ಬಾಗಿಲು, ಹದಿನೈದು ನಿಮಿಷ. ಇದೇ ಕ್ರಮ ಇರಲಿ. ಮೊದಲು ಅರಮನೆ ಆಮೇಲೆ ಸೇತುವೆ ಎಂದರೆ ಅದೇ ಇಳಿಜಾರನ್ನು ಹತ್ತಬೇಕಾಗುತ್ತದೆ.

ಕುದುರೆ ಗಾಡಿಯನ್ನು ನಂಬಿ ಹೋಗುವವರೂ ಇದ್ದಾರೆ. ಗಾಡಿ ಬಾಗಿಲವರೆಗೆ ಹೋಗುವುದಿಲ್ಲ, ಕೆಳಗೇ ನಿಲ್ಲುತ್ತದೆ, ಉಳಿದ ಏರು ನಡೆದೇ ಹತ್ತಬೇಕು. ನಡೆದು ಹೋದರೆ ಹಳ್ಳಿಯಿಂದ ಒಂದೂವರೆ ಕಿಲೋಮೀಟರ್ ಏರು, ಮೂವತ್ತರಿಂದ ನಲವತ್ತು ನಿಮಿಷ. ಹಿಮ ಬಿದ್ದರೆ ಬಸ್ಸೂ ಇಲ್ಲ, ಸೇತುವೆಯೂ ಮುಚ್ಚಿರುತ್ತದೆ. ಸಪ್ಟೆಂಬರಿನಲ್ಲಿ ಆ ಭಯವಿಲ್ಲ.

ಫ್ಯೂಸನ್ ನಿಲ್ದಾಣದ ಹೊರಗೇ 73 ಅಥವಾ 78ನೇ ನಂಬರ್ ಬಸ್ಸು, ಹತ್ತು ನಿಮಿಷದ ದಾರಿ. ಟಿಕೆಟ್ ಸಮಯವನ್ನು ಫ್ಯೂಸನ್ ತಲುಪಿದ ಎರಡು ಗಂಟೆಯ ನಂತರಕ್ಕೆ ಹಿಡಿಯಿರಿ. ಒಂದು ರೈಲು ತಪ್ಪಿದರೂ ಉಳಿಯುತ್ತೀರಿ.

ತೊಗರಿ_ಕಣಜ (ಕಲಬುರಗಿ)

ರೈಲಿನ ವಿಷಯ ನಾ ಹೇಳ್ತೀನ್ರಿ.

ಡಾಯ್ಚ್‌ಲಾಂಡ್ ಟಿಕೇಟ್ ಅಂತ ತಿಂಗಳ ಪಾಸು ಅದ. 2026ರ ಜನವರಿಯಿಂದ 63 ಯೂರೊ. ದೇಶದಾಗಿನ ಎಲ್ಲಾ ಪ್ರಾದೇಶಿಕ ರೈಲು, ಮೆಟ್ರೊ, ಟ್ರಾಮ್, ಸಿಟಿ ಬಸ್ಸಿಗೆ ನಡೀತದ. ಐಸಿಇ, ಐಸಿ, ಇಸಿ ಅಂತ ಬರೆದಿರೋ ದೂರದ ರೈಲಿಗೆ ನಡಿಯಂಗಿಲ್ಲ. ಪಾಸು ಕ್ಯಾಲೆಂಡರ್ ತಿಂಗಳಿಗೆ ಲೆಕ್ಕ. ನಿಮ್ಮ ಪ್ರವಾಸ ಸಪ್ಟೆಂಬರ್ ಕೊನಿಗೆ ಶುರುವಾಗಿ ಅಕ್ಟೋಬರ್‌ಗೆ ದಾಟಿದ್ರ ಒಬ್ಬೊಬ್ಬರಿಗೆ ಎರಡು ತಿಂಗಳದ್ದು, 126 ಯೂರೊ. ಮೂವರಿಗೆ 378. ಅಷ್ಟು ರೊಕ್ಕಕ್ಕ ಲಾಭ ಇಲ್ಲ. ಪೂರಾ ಸಪ್ಟೆಂಬರ್‌ದೊಳಗ ಮುಗಿಸ್ತೀರಂದ್ರ 189ರಾಗ ಆಗ್ತದ, ಅದು ಛಲೋ. ಇದು ಚಂದಾ ಪಾಸು, ತಾನಾಗೇ ನಿಲ್ಲಂಗಿಲ್ಲ. ಆ ತಿಂಗಳ 10ನೇ ತಾರೀಖಿನೊಳಗ ರದ್ದು ಮಾಡ್ಬೇಕು, ಇಲ್ಲಂದ್ರ ಮುಂದಿನ ತಿಂಗಳದ್ದೂ ಕಾರ್ಡಿನಿಂದ ಕಡೀತಾರ. ತಗೊಂಡ ಕೂಡ್ಲೇ ರದ್ದತಿ ಹಾಕಿಬಿಡ್ರಿ, ಆ ತಿಂಗಳ ಮುಗಿಯೋ ತನಕ ಪಾಸು ನಡೀತದ.

ಪಾಸು ಬ್ಯಾಡಂದ್ರ ಆಗ್ಸ್‌ಬರ್ಗ್-ಫ್ಯೂಸನ್ ದಿನಕ್ಕ ಬಯರ್ನ್ ಟಿಕೇಟ್, ಅಂದ್ರ ಬವೇರಿಯಾ ರಾಜ್ಯದ ಒಂದು ದಿನದ ಪಾಸು, ತಗೋರಿ. ಒಂದೇ ಟಿಕೇಟಿನ ಮ್ಯಾಲ ಐದು ಮಂದಿ ತನಕ ಹೋಗ್ಬಹುದು, ಮಂದಿ ಹೆಚ್ಚಾದಂಗ ದರ ಸ್ವಲ್ಪ ಏರ್ತದ. ವಾರದ ದಿನ ಮುಂಜಾನೆ 9ರ ನಂತರ ಮಾತ್ರ, ಶನಿವಾರ ಆಯ್ತಾರ ನಡುರಾತ್ರಿಯಿಂದನೇ ನಡೀತದ. 8:50ರ ರೈಲಿನಾಗ ಕೂತ್ರ ಅದು ಟಿಕೇಟೇ ಅಲ್ಲ, ದಂಡ ಬೀಳ್ತದ. ಫ್ಯೂಸನ್ ಬಸ್ಸಿಗೂ ಇದೇ ಸಾಕು. ಸೇತುವಿ ಕಡಿ ಹೋಗೋ ಶಟಲ್‌ಗೆ ಮಾತ್ರ ಬ್ಯಾರೆ ರೊಕ್ಕ.

ಫ್ರಾಂಕ್‌ಫರ್ಟ್-ಬರ್ಲಿನ್ ಐಸಿಇದಾಗ ನಾಲ್ಕು-ನಾಲ್ಕೂವರೆ ತಾಸು, ಬರ್ಲಿನ್-ಆಗ್ಸ್‌ಬರ್ಗ್ ಸುಮಾರು ಐದು. ಮೊದಲೇ ತಗೊಂಡ್ರ ಸ್ಪಾರ್‌ಪ್ರೈಸ್ ಅನ್ನೋ ಅಗ್ಗದ ದರ ಸಿಗ್ತದ, ಆದ್ರ ಅದು ಅದೇ ರೈಲಿಗೆ ಕಟ್ಟಿದ ಟಿಕೇಟ್. ವಿಮಾನ ಇಳಿಯೋ ದಿನಕ್ಕ ಅದನ್ನ ತಗೋಬ್ಯಾಡ್ರಿ. ಈಗ ಗಡಿದಾಗ ಠಸ್ಸೆ ಬದಲಿಗೆ ಬೆರಳಚ್ಚು, ಫೋಟೊ ತಗೊಳ್ಳೋ ಹೊಸ ಪದ್ಧತಿ ಬಂದದ, ಸಾಲು ಎಷ್ಟು ಹೊತ್ತು ಹಿಡೀತದೋ ಹೇಳ್ಲಿಕ್ಕೆ ಬರಂಗಿಲ್ಲ. ವಿಮಾನ ತಡ ಆದ್ರ ರೈಲಿನೋರು ಕೇಳಂಗಿಲ್ಲ. ಅವತ್ತು ಒಂದೋ ಯಾವ ರೈಲಿಗೂ ನಡಿಯೋ ಫ್ಲೆಕ್ಸ್‌ಪ್ರೈಸ್ ಟಿಕೇಟ್ ತಗೋರಿ, ಇಲ್ಲಾ ಫ್ರಾಂಕ್‌ಫರ್ಟ್‌ದಾಗೇ ಮಲಗ್ರಿ. ರೈಲೇ ತಡ ಆಗಿ ಮುಟ್ಟೋ ಊರಿಗೆ 20 ನಿಮಿಷ ಅಥವಾ ಹೆಚ್ಚು ತಡ ಅಂತ ತೋರಿಸಿದ್ರ ಮಾತ್ರ ಆ ಕಟ್ಟು ಬಿಚ್ತದ, ಬ್ಯಾರೆ ರೈಲು ಹತ್ತಬಹುದು. 60 ನಿಮಿಷ ತಡಕ್ಕ ಟಿಕೇಟಿನ ಕಾಲು ಭಾಗ, 120ಕ್ಕ ಅರ್ಧ ವಾಪಸ್ ಕೇಳಬಹುದು. ಜರ್ಮನಿ ರೈಲು ಗಡಿಯಾರ ಇದ್ದಂಗ ಅಂತ ನಂಬ್ಕೊಂಡು ಹೋಗ್ಬ್ಯಾಡ್ರಿ. ದೂರದ ರೈಲು ತಡ ಆಗೋದು ಅಲ್ಲಿ ಅಪರೂಪ ಅಲ್ಲ. ನಡುವ ಬದಲಿ ರೈಲು ಇದ್ರ ಅರ್ಧ ತಾಸಾದ್ರೂ ಬಿಡುವು ಇಟ್ಕೋರಿ.

ಇನ್ನೊಂದು, ಐಸಿಇ ಟಿಕೇಟ್ ತಗೊಂಡ್ರ ಸೀಟು ಸಿಕ್ಕಂಗಲ್ಲ. ಸೀಟಿನ ರಿಸರ್ವೇಶನ್ ಬ್ಯಾರೆ ಕೊಳ್ಳಬೇಕು. ಅವ್ವಾರು ಇದ್ದಾರಂದ್ರ ಅದನ್ನ ಬಿಡಬ್ಯಾಡ್ರಿ.

ಬ್ರಹ್ಮಪುರ_ಗಲ್ಲಿ (ಕಲಬುರಗಿ)

ಭಾಳ ಉಪಕಾರ ಆಯ್ತ್ರಿ. ಸೇತುವಿ ತನಕ ಬಸ್ಸು ಅದ ಅನ್ನೋದು ಏಜೆಂಟ್ ಹೇಳೇ ಇರಲಿಲ್ಲ. ಬರ್ಲಿನ್‌ದಾಗ ಏನೇನು ನೋಡ್ಬೇಕು ಮತ್ತ ಹೈಡೆಲ್‌ಬರ್ಗ್ ಕೋಟಿಗೆ ಮೆಟ್ಲ ಎಷ್ಟವ? ಕೊಲೋನ್ ಪೂರಾ ಬಿಡೋದೇನು? ಊಟದ್ದೂ ಯಾರರೆ ಹೇಳ್ರಿ.

ಚೌಬಾರಾ_ಬೀದರ್

ಬರ್ಲಿನ್‌ದಾಗ ವಾರ ನೋಡಿ ಕೆಲಸ ಹಂಚ್ರಿ. ಮ್ಯೂಸಿಯಂ ದ್ವೀಪದಾಗ ಸೋಮವಾರ ರಜಾ, ಬರ್ಲಿನ್ ಪಕ್ಕದ ಪೋಟ್ಸ್‌ಡಾಮ್ ಊರಿನ ಸಾನ್‌ಸೂಸಿ ಅರಮನಿಗೂ ಸೋಮವಾರನೇ ರಜಾ. ಹಂಗಾಗಿ ಸೋಮವಾರಕ್ಕ ಗೋಡಿ, ಬ್ರಾಂಡೆನ್‌ಬರ್ಗ್ ಗೇಟು, ರೈಶ್‌ಟಾಗ್ (ಸಂಸತ್ ಭವನ) ಇಡ್ರಿ.

ಗೋಡಿ ನೋಡ್ಲಿಕ್ಕೆ ಜನ ಹಳೇ ಗಡಿ ಠಾಣೆ ಚೆಕ್‌ಪಾಯಿಂಟ್ ಚಾರ್ಲಿಗೆ ಓಡ್ತಾರ. ಅಲ್ಲಿರೋ ಕಾವಲು ಗೂಡು ನಕಲು, ಸುತ್ತ ಅಂಗಡಿ ಸಾಲು. ಮಾಸ್ತರರನ್ನ ಬರ್ನೌವರ್ ಷ್ಟ್ರಾಸೆಗೆ ಕರ್ಕೊಂಡು ಹೋಗ್ರಿ. 1961ರ ಆಗಸ್ಟ್ 13ಕ್ಕ ಗಡಿ ಮುಚ್ಚಿದಾಗ ಆ ರಸ್ತೆದಾಗ ಮನಿಗಳು ಪೂರ್ವಕ್ಕ, ಮುಂದಿನ ಫುಟ್‌ಪಾತ್ ಪಶ್ಚಿಮಕ್ಕ ಸೇರಿತ್ತು. ಜನ ಕಿಟಕಿಯಿಂದ ಹಾರಿ ಪಾರಾಗಿದ್ದು ಅಲ್ಲೇ. ಒಳಗೋಡಿ, ನಡುವಿನ ಬಯಲು ಉಳಿಸ್ಯಾರ, ಕಾವಲು ಗೋಪುರ ಬ್ಯಾರೆ ಕಡಿಂದ ತಂದು ನಿಲ್ಲಿಸ್ಯಾರ. ಗಡಿ ಅಂದ್ರ ಬರೇ ಒಂದು ಗೋಡಿ ಆಗಿರಲಿಲ್ಲ ಅನ್ನೋದು ಅಲ್ಲಿ ಕಣ್ಣಿಗೆ ಕಾಣ್ತದ. ಪ್ರವೇಶ ಉಚಿತ, ಸಪಾಟ ಜಾಗ. ಚಿತ್ರ ಬಿಡಿಸಿದ ಈಸ್ಟ್ ಸೈಡ್ ಗ್ಯಾಲರಿ 1.3 ಕಿಲೋಮೀಟರ್ ಉದ್ದ ಅದ. ಅವ್ವಾರು ಒಂದು ತುದಿ ನೋಡಿದ್ರ ಸಾಕು.

ಕಾಲಿಗೆ ತ್ರಾಸು ಇಲ್ಲದಂಗ ಊರು ನೋಡ್ಲಿಕ್ಕೆ 100ನೇ ನಂಬರ್ ಬಸ್ಸು ಹತ್ರಿ. ಪ್ರವಾಸಿ ಬಸ್ಸಲ್ಲ, ಸಾದಾ ಸಿಟಿ ಬಸ್ಸು. ಜೂ ನಿಲ್ದಾಣದಿಂದ ಅಲೆಕ್ಸಾಂಡರ್‌ಪ್ಲಾಟ್ಸ್ ತನಕ ವಿಜಯಸ್ತಂಭ, ರೈಶ್‌ಟಾಗ್, ಉಂಟರ್ ಡೆನ್ ಲಿಂಡೆನ್ ಎಲ್ಲಾ ಹಾದು ಹೋಗ್ತದ. ಬರ್ಲಿನ್‌ದಾಗ ಕಾಗದದ ಟಿಕೇಟ್ ತಗೊಂಡ್ರ ಪ್ಲಾಟ್‌ಫಾರ್ಮ್ ಅಥವಾ ಬಸ್ಸಿನಾಗಿನ ಡಬ್ಬಿದಾಗ ಠಸ್ಸೆ ಹೊಡೀಬೇಕು. ಕೈಯಾಗ ಟಿಕೇಟ್ ಇದ್ದು ಠಸ್ಸೆ ಇಲ್ಲಂದ್ರ ಬಿಟ್ಟಿ ಪ್ರಯಾಣ ಲೆಕ್ಕ, 60 ಯೂರೊ ದಂಡ. ಹೊಸಬರು ಅಂದ್ರೂ ಬಿಡಂಗಿಲ್ಲ.

ಸಾನ್‌ಸೂಸಿಗೆ ಎಬಿಸಿ ಮೂರೂ ವಲಯದ ಟಿಕೇಟ್ ಬೇಕು, ಎಬಿ ಸಾಲಂಗಿಲ್ಲ. ಪೋಟ್ಸ್‌ಡಾಮ್ ಮುಖ್ಯ ನಿಲ್ದಾಣದಿಂದ 695ನೇ ಬಸ್ಸು ಹಿಡೀರಿ. ಕೆಳಗಿನ ತೋಟದಿಂದ ಬಂದ್ರ ದ್ರಾಕ್ಷಿ ಬಳ್ಳಿ ಅಂತಸ್ತುಗಳ ಮೆಟ್ಲ ನೂರಕ್ಕಿಂತ ಹೆಚ್ಚು. ಈ ಬಸ್ಸು ಹಿಂದಿನ ಕಡಿಂದ ಅರಮನಿ ಮಟ್ಟಕ್ಕೇ ಬಿಡ್ತದ. ಅರಮನಿ ಒಂದೇ ಮಜಲಿಂದು, ಒಳಗ ಹತ್ತೋದು ಇಳಿಯೋದು ಇಲ್ಲ. ಅವ್ವಾರು ಒಂದು ಅರಮನಿ ಒಳಗ ಅಡ್ಡಾಡ್ಬೇಕಂದ್ರ ಇದೇ ಸೈ. ಟಿಕೇಟಿಗೆ ಇಲ್ಲೂ ವೇಳೆ ನಿಗದಿ ಇರ್ತದ. ಪಕ್ಕದಾಗೇ ಫ್ರೆಡರಿಕ್ ದೊರೆ ಸಮಾಧಿ, ಅದರ ಮ್ಯಾಲ ಜನ ಬಟಾಟಿ ಇಟ್ಟು ಹೋಗ್ತಾರ. ಬಟಾಟಿ ಬೆಳೀರಿ ಅಂತ ರೈತರಿಗೆ ಹುಕುಂ ಮಾಡಿದ ದೊರೆ ಆತ.

ಹೈಡೆಲ್‌ಬರ್ಗ್ ಕೋಟಿಗೆ ನಡ್ಕೊಂಡು ಹೋದ್ರ 315 ಮೆಟ್ಲ. ಹತ್ತಬ್ಯಾಡ್ರಿ. ಮುಖ್ಯ ನಿಲ್ದಾಣದಿಂದ 33ನೇ ಬಸ್ಸಿನಾಗ ಬೆರ್ಗ್‌ಬಾನ್ ಸ್ಟಾಪಿಗೆ ಇಳೀರಿ, ಅಲ್ಲಿಂದ ಹಗ್ಗದ ರೈಲು. ಕೋಟಿ ಟಿಕೇಟಿನಾಗೇ ರೈಲಿಂದೂ ಸೇರಿರ್ತದ, ಬ್ಯಾರೆ ಕೊಳ್ಳಬ್ಯಾಡ್ರಿ. ಒಳಗ 1751ರ ಕಟ್ಟಿಗಿ ಪೀಪಾಯಿ ಅದ, ಸುಮಾರು 2,20,000 ಲೀಟರ್ ದ್ರಾಕ್ಷಿ ಮದ್ಯ ಹಿಡಿಯೋದು. ಅದಕ್ಕಿಂತ ನೋಡೋದು ಸೀಳಿದ ಮದ್ದಿನ ಗೋಪುರ. 1693ರಾಗ ಫ್ರೆಂಚರು ಮದ್ದಿಟ್ಟು ಹಾರಿಸಿದಾಗ ಗೋಡಿ ಪುಡಿ ಆಗಲಿಲ್ಲ, ಒಂದು ದೊಡ್ಡ ಹೋಳು ಹಂಗೇ ಕಿತ್ತು ಕಂದಕಕ್ಕ ಜಾರಿ ಕೂತದ. ಮೂರೇ ವರ್ಷಕ್ಕ, 1696ರಾಗ, ನಮ್ಮ ಬೀದರ್ ಗವಾನ್ ಮದರಸಾದಾಗ ಮದ್ದು ಸಿಡಿದು ಮುಂದಿನ ಮಗ್ಗಲು ಮಿನಾರ್ ಸಮೇತ ಹೋಯ್ತು. ಎರಡೂ ನೋಡಿದೋರಿಗೆ ಮದ್ದು ಕಲ್ಲಿನ ಕಟ್ಟಡಕ್ಕ ಏನು ಮಾಡ್ತದ ಅನ್ನೋದು ಬಿಡಿಸಿ ಹೇಳ್ಬೇಕಿಲ್ಲ.

ಕೊಲೋನ್ ಬಗ್ಗೆ: ಮೊದಲ ರಾತ್ರಿ ಫ್ರಾಂಕ್‌ಫರ್ಟ್‌ದಾಗ ಉಳಿದ್ರ ಸೇರಿಸಬಹುದು, ಐಸಿಇದಾಗ ತಾಸು-ಒಂದೂಕಾಲು ತಾಸು. ನಿಲ್ದಾಣದ ಬಾಗಿಲ ದಾಟಿದ್ರ ಎದುರಿಗೇ 157 ಮೀಟರ್ ಗೋಪುರದ ದೊಡ್ಡ ಚರ್ಚು. 1248ರಾಗ ಶುರು ಮಾಡಿ 1880ರಾಗ ಮುಗಿಸಿದ್ರು. ನಡುವ ನೂರಾರು ವರ್ಷ ಕೆಲಸ ನಿಂತು, ಅರ್ಧ ಕಟ್ಟಿದ ಗೋಪುರದ ಮ್ಯಾಲ ಕಟ್ಟಿಗಿ ಕ್ರೇನ್ ಹಂಗೇ ನಿಂತಿತ್ತು. ಒಳಗಿನ ನೆಲ ಸಪಾಟ. ಗೋಪುರಕ್ಕ 533 ಮೆಟ್ಲ, ಲಿಫ್ಟ್ ಇಲ್ಲ. ಆಯ್ತಾರ ಮುಂಜಾನೆ ಹೋಗ್ಬ್ಯಾಡ್ರಿ, ಪೂಜೆ ನಡಿಯೋವಾಗ ಪ್ರವಾಸಿಗಳನ್ನ ಒಳಗ ಅಡ್ಡಾಡ್ಲಿಕ್ಕೆ ಬಿಡಂಗಿಲ್ಲ.

ತೊಗರಿ_ಕಣಜ (ಕಲಬುರಗಿ)

ವಾಪಸ್ ಬರೋವಾಗ ಕೊಲೋನ್‌ದಿಂದ ಐಸಿಇ ಹತ್ತದೆ ಆರ್‌ಬಿ 26 ಅನ್ನೋ ನಿಧಾನದ ರೈಲು ಹತ್ರಿ, ಕೊಬ್ಲೆಂಜ್ ಮ್ಯಾಲಿಂದ ಮೈಂಜ್ ತನಕ. ಎಡಗಡಿ ಕಿಟಕಿ ಹಿಡೀರಿ. ಕೊಬ್ಲೆಂಜ್ ದಾಟಿದ ಮ್ಯಾಲ ರೈನ್ ನದಿ ಪಕ್ಕದಾಗೇ ಹೋಗ್ತದ, ಎದುರು ದಂಡಿ ಮ್ಯಾಲ ಸಾಲು ಕೋಟಿ. ಸಾಂಕ್ಟ್ ಗೋವಾರ್ ಹತ್ರ ಲೊರೆಲೈ ಅನ್ನೋ ದೊಡ್ಡ ಕಲ್ಲುಬಂಡೆ, ಮುಂದ ಕೌಬ್ ಊರಿನ ಎದುರು ಹೊಳಿ ನಡುವ ಹಡಗಿನಂಗ ನಿಂತ ಸುಂಕದ ಕೋಟಿ. ಒಂದು ಮೆಟ್ಲ ಹತ್ತದೆ ಇಷ್ಟೆಲ್ಲಾ ಕಾಣ್ತದ. ಡಾಯ್ಚ್‌ಲಾಂಡ್ ಟಿಕೇಟ್ ಇದಕ್ಕ ನಡೀತದ.

ಊಟದ್ದು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಒಯ್ರಿ, ತೊಂದ್ರಿ ಇಲ್ಲ. ತುಪ್ಪ, ಖವಾ, ಪೇಢಾ, ಹಾಲಿಂದ ಮಾಡಿದ್ದು ಯಾವುದೂ ಒಯ್ಯಬ್ಯಾಡ್ರಿ, ಐರೋಪ್ಯ ಒಕ್ಕೂಟದ ಹೊರಗಿಂದ ಬರೋರಿಗೆ ಹಾಲು, ಮಾಂಸದ ಪದಾರ್ಥ ನಿಷೇಧ. ಹಸಿ ಮೆಣಸಿನಕಾಯಿ, ಕರಿಬೇವು, ಮಾವಿನಹಣ್ಣು ಸೈತ ಪ್ರಮಾಣಪತ್ರ ಇಲ್ಲದೆ ಬಿಡಂಗಿಲ್ಲ.

ಹೋಟೆಲ್‌ದಾಗ ಬರೇ ವೆಜಿಟೇರಿಯನ್ ಅಂದ್ರ ತತ್ತಿ ಬರ್ತದ. ಚೀಸ್ ಹಾಕಿದ ಷ್ಪೆಟ್ಸ್‌ಲೆ ಅಂತ ಎಲ್ಲಾ ಕಡಿ ಸಿಗ್ತದ, ಅದರ ಹಿಟ್ಟಿನಾಗೇ ತತ್ತಿ. ಬಟಾಟಿ ಸೂಪಿನಾಗ ಹಂದಿ ಚೂರು ಹಾಕೋ ರೂಢಿ. ‘ವೇಗಾನ್’ ಅಂತ ಕೇಳ್ರಿ, ಅದರಾಗ ತತ್ತಿ, ಹಾಲು ಎರಡೂ ಇರಂಗಿಲ್ಲ, ಆ ಗುರುತು ಮೆನುದಾಗ ಬಹಳ ಕಡಿ ಇರ್ತದ. ಆಯ್ತಾರ ಕಿರಾಣಿ ಅಂಗಡಿ ಎಲ್ಲಾ ಬಂದ್, ದೊಡ್ಡ ನಿಲ್ದಾಣದೊಳಗಿನವು ಮಾತ್ರ ತೆರೆದಿರ್ತಾವ. ಅಕ್ಟೋಬರ್ 3 ಸೈತ ರಾಷ್ಟ್ರೀಯ ರಜಾ. ಹಿಂದಿನ ದಿನ ಮೊಸರು, ಬ್ರೆಡ್, ಹಣ್ಣು ತಂದಿಟ್ಕೋರಿ.

ಭೀಮೆಯ_ದಂಡೆ (ಯಾದಗಿರಿ)

ವೀಸಾ ಕುರಿತು ಚಿಕ್ಕದಾಗಿ: ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಶುಲ್ಕ ದೊಡ್ಡವರಿಗೆ 90 ಯೂರೊ, ಸೇವಾ ಕೇಂದ್ರದ ಶುಲ್ಕ ಪ್ರತ್ಯೇಕ. ಪ್ರವಾಸ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಿರಬೇಕು, ವಿಮಾನ ಇಳಿಯುವ ದಿನವೂ ಹೊರಡುವ ದಿನವೂ ಅದರೊಳಗೆ ಬರಬೇಕು. ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಯುರೋಪಿನ ಬೇಸಿಗೆಯಲ್ಲಿ (ಜೂನ್-ಆಗಸ್ಟ್) ಸ್ಲಾಟ್ ಸಿಗುವುದೇ ಕಷ್ಟ, ಆದ್ದರಿಂದ ಏಪ್ರಿಲ್-ಮೇನಲ್ಲೇ ಶುರು ಮಾಡಿ. ಅರಮನೆಯ ಟಿಕೆಟ್‌ಗೆ ಹಣ ವಾಪಸಿಲ್ಲವಾದ್ದರಿಂದ ವೀಸಾ ಕೈಗೆ ಬಂದ ಮೇಲೆ ಕೊಳ್ಳಿ. ಹೈದರಾಬಾದಿನಿಂದ ಫ್ರಾಂಕ್‌ಫರ್ಟ್‌ಗೆ 2024ರಿಂದ ನೇರ ವಿಮಾನವಿದೆ, ಕಲಬುರಗಿಯವರು ಬೆಂಗಳೂರು ಸುತ್ತಬೇಕಿಲ್ಲ.

ಹೈಡೆಲ್‌ಬರ್ಗ್‌ನಲ್ಲಿ ಒಂದು ದಿನ ಮಿಕ್ಕರೆ ಟ್ಯೂಬಿಂಗನ್ ನೋಡಬಹುದು. ಸ್ಟುಟ್‌ಗಾರ್ಟ್‌ನಿಂದ ಪ್ರಾದೇಶಿಕ ರೈಲಿನಲ್ಲಿ ಒಂದು ಗಂಟೆ. ಪ್ರವಾಸಿ ಪಟ್ಟಿಗಳಲ್ಲಿ ಹೋಲ್ಡರ್‌ಲಿನ್ ಕವಿ 36 ವರ್ಷ ಇದ್ದ ನದಿ ದಂಡೆಯ ಹಳದಿ ಗೋಪುರದ ಹೆಸರಿರುತ್ತದೆ. ಕನ್ನಡದವರಿಗೆ ಬೇರೆ ಕಾರಣವೂ ಇದೆ: 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟೆಲ್ ಕೊನೆಯ ವರ್ಷಗಳನ್ನು ಕಳೆದು 1903ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ. ಹಳೆ ಊರು ಏರುತಗ್ಗು, ತಾಯಿಯವರು ನೆಕ್ಕಾರ್ ಸೇತುವೆಯ ಬಳಿ ಇದ್ದರೆ ಸಾಕು.

ಬ್ರಹ್ಮಪುರ_ಗಲ್ಲಿ (ಕಲಬುರಗಿ)

ಮಾಸ್ತರರು ಕಿಟೆಲ್ ಹೆಸರು ಓದಿ ಡ್ರೆಸ್ಡನ್ ಬಿಡ್ಲಿಕ್ಕೆ ಒಪ್ಯಾರ. ಕೊನಿದೊಂದು. ರೈಶ್‌ಟಾಗ್ ಗುಮ್ಮಟಕ್ಕ ಟಿಕೇಟ್ ಎಲ್ಲಿ ತಗೋಬೇಕ್ರಿ? ಒಂದು ವೆಬ್‌ಸೈಟ್‌ದಾಗ ಮೂವರಿಗೆ ರೊಕ್ಕ ಕೇಳ್ತಾ ಇದೆ.

ಚೌಬಾರಾ_ಬೀದರ್

ಕೊಡಬ್ಯಾಡ್ರಿ, ಅದು ಉಚಿತ. ಜರ್ಮನ್ ಸಂಸತ್ತಿನ, ಅಂದ್ರ ಬುಂಡೆಸ್ಟಾಗಿನ, ಸ್ವಂತ ವೆಬ್‌ಸೈಟ್‌ದಾಗ ಹೆಸರು ನೋಂದಾಯಿಸಬೇಕು. ಮೂವರದೂ ಹೆಸರು, ಹುಟ್ಟಿದ ತಾರೀಖು ಪಾಸ್‌ಪೋರ್ಟ್‌ದಾಗ ಇದ್ದಂಗೇ ತುಂಬ್ರಿ. ಒಪ್ಪಿಗೆ ಇಮೇಲ್‌ಗೆ ಬರ್ತದ, ಅದನ್ನ ಪ್ರಿಂಟ್ ತೆಗೀರಿ. ಅಸಲಿ ಪಾಸ್‌ಪೋರ್ಟ್ ಒಯ್ರಿ, ಝೆರಾಕ್ಸ್ ನಡಿಯಂಗಿಲ್ಲ. ತಪಾಸಣಿಗೆ ಹದಿನೈದು ನಿಮಿಷ ಮೊದಲೇ ನಿಲ್ರಿ. ಮ್ಯಾಲ ಹೋಗ್ಲಿಕ್ಕೆ ಲಿಫ್ಟ್ ಅದ, ಗುಮ್ಮಟದೊಳಗ ಸುತ್ತು ಹಾಕೋ ಇಳಿಜಾರು ದಾರಿ, ಮೆಟ್ಲ ಇಲ್ಲ. ಸ್ವಚ್ಛ ಮಾಡ್ಲಿಕ್ಕೆ ವರ್ಷದಾಗ ಕೆಲವು ದಿನ ಗುಮ್ಮಟ ಮುಚ್ತಾರ, ಆವಾಗ ಮಾಳಿಗಿ ಮಾತ್ರ ತೆರೆದಿರ್ತದ. ಆ ತಾರೀಖು ಅದೇ ವೆಬ್‌ಸೈಟ್‌ದಾಗ ಹಾಕಿರ್ತಾರ, ದಿನ ಆರಿಸೋಕಿಂತ ಮೊದಲು ನೋಡ್ಕೋರಿ. ಸೋಮವಾರ ಸಿಗಲಿಲ್ಲಂದ್ರ ಸಂಜಿದು ನೋಡ್ರಿ, ರಾತ್ರಿ ತನಕ ಬಿಡ್ತಾರ.